ಯಂತ್ರಕ್ಕೂ ಸುಳಿ ಉಂಟೆ?

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನಿಂತು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅವನು ಬೆಲೆ ಕೇಳುವ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೊ, ನಾಲ್ಕು ಹಲ್ಲೊ, ಬಾಯಿಗೂಡಿದೆಯೊ ಎಂದು ತಿಳಿದ ಮೇಲೆ ಸುಳಿ ಹುಡುಕುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದು ಆಮೇಲಿನ ಮಾತು. ಇಂಥ ತಿಳಿವನ್ನು ನಮ್ಮ ಹಿರಿಯರು ಬಾಯಿಮಾತಿಗೆ ಮಾತ್ರ ಬಿಟ್ಟಿರಲಿಲ್ಲ. 12ನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನು ಬರೆದ. ಮುಂದೆ ಅಭಿನವಚಂದ್ರನು ಅಶ್ವಶಾಸ್ತ್ರವನ್ನು ಬರೆದ. ಆದರೆ ಹತ್ತು ಕೈ ತಿರುಗಿ ಬಂದ ಹಳೆಯ ಯಂತ್ರವನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುವ ಶಾಸ್ತ್ರವನ್ನು ಕನ್ನಡದ ಯಾವ ಕವಿಯೂ ಬರೆದಂತಿಲ್ಲ.

ಈ ಕೊರತೆ ನನ್ನ ಗಮನಕ್ಕೆ ಬಂದದ್ದು ಕಳೆದ ಬೇಸಿಗೆಯಲ್ಲಿ. ಮೂಡಿಗೆರೆಯ ಕಡೆ ನಮ್ಮ ಭಾವನವರಿಗೆ ಸಣ್ಣದೊಂದು ಕಾಫಿ ತೋಟ ಉಂಟು. ಅವರ ತಂದೆ ನೆರಳಿಗೆಂದು ನೆಟ್ಟಿದ್ದ ಸಿಲ್ವರ್ ಓಕ್ ಮರಗಳು ಬೆಳೆದು ಕಡಿಯುವ ಹದಕ್ಕೆ ಬಂದಿವೆ. ಕಡಿದ ದಿಮ್ಮಿಗಳನ್ನು ಇಳಿಜಾರಿನ ತೋಟದಿಂದ ಲಾರಿ ನಿಲ್ಲುವ ರಸ್ತೆಯವರೆಗೆ ತರುವುದಕ್ಕೆ ಆಳುಗಳು ಸಿಕ್ಕುವುದಿಲ್ಲ. ಎತ್ತುಗಳಂತೂ ಆ ಊರಿನಲ್ಲಿ ಹುಡುಕಿದರೂ ಇಲ್ಲ. ವಿಂಚು, ಎಂದರೆ ಉರುಳೆಗೆ ಉಕ್ಕಿನ ಹಗ್ಗವನ್ನು ಸುತ್ತಿ ಎಳೆಯುವ ರಾಟೆ, ಅದರ ಸಮೇತ ಹಳೆಯ ಟ್ರಾಕ್ಟರೊಂದನ್ನು ಕೊಂಡರೆ ತಮ್ಮ ಕೆಲಸವೂ ಆಗುತ್ತದೆ, ನೆರೆಯವರಲ್ಲಿಗೆ ಬಾಡಿಗೆಗೂ ಹೋಗುತ್ತದೆ ಎಂದು ಭಾವ ಲೆಕ್ಕ ಹಾಕಿದ್ದರು. ಎರಡು ಯಂತ್ರಗಳು ಅವರ ಕಣ್ಣಿಗೆ ಬಿದ್ದಿದ್ದವು. ಒಂದು, ಗಣಿಯಲ್ಲಿ ದುಡಿದು ಬಂದ ಭಾರಿ ಯಂತ್ರ. ಗಾಲಿಗೆ ಬದಲು ಉಕ್ಕಿನ ಸರಪಳಿಪಟ್ಟಿ, ಮೈಗೆ ಹೊಸದಾಗಿ ಬಳಿದ ಹಳದಿ ಬಣ್ಣ. ಇನ್ನೊಂದು, ಬಣ್ಣ ಮಾಸಿದ ರಬ್ಬರು ಗಾಲಿಯ ಸಾಧಾರಣ ಟ್ರಾಕ್ಟರು. ವಿಂಚು ಎರಡಕ್ಕೂ ಇತ್ತು. ಬೆಲೆ ಹೆಚ್ಚುಕಡಿಮೆ ಒಂದೇ. ಅಕ್ಕನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟಿದ್ದ ಹಣ ಇದಕ್ಕೆ ಹೋಗಬೇಕಾಗಿತ್ತು.

"ನೀನು ಹಳೆಯದನ್ನೇ ಓದಿ ಸಂಬಳ ತೆಗೆದುಕೊಳ್ಳುವವನು. ಯಾವ ಹಳೆಯದು ಒಳ್ಳೆಯದು, ಹೇಳು ನೋಡೋಣ" ಎಂದು ಭಾವ ನಕ್ಕರು. ಅಕ್ಕ ನಗಲಿಲ್ಲ.

ಯಂತ್ರದ ಒಳಹೊರಗು ನನಗೆ ತಿಳಿಯದು. ಆದರೆ ಚರಿತ್ರೆಯಲ್ಲಿ ಒಂದು ರಾಷ್ಟ್ರವೇ ಹಳೆಯ ಟ್ರಾಕ್ಟರುಗಳ ಸಂತೆಗೆ ಹೋಗಿ ಕೈಸುಟ್ಟುಕೊಂಡ ಕಥೆ ಒಂದುಂಟು. ಅದನ್ನು ಓದಿ ಬಲ್ಲೆ. ಆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಭಾವನವರಿಗೆ ಹೇಳಿದ್ದನ್ನೇ ಇಲ್ಲಿ ಓದುಗರಿಗೂ ಹೇಳುತ್ತೇನೆ. ಅದಕ್ಕೆ ಮೊದಲು ಈ ಯಂತ್ರಗಳ ಹುಟ್ಟನ್ನು ಸ್ವಲ್ಪ ತಿಳಿಯಬೇಕು.

ಮರ ಕಡಿಯುವುದಕ್ಕಿಂತ ಕಡಿದ ಮರವನ್ನು ಸಾಗಿಸುವುದು ಕಷ್ಟ. ಗರಗಸ ಹಿಡಿದ ಇಬ್ಬರು ಉರುಳಿಸಿದ ಮರವನ್ನು ಹತ್ತು ಜನ ಸೇರಿ ಕದಲಿಸಲಾರರು. ನಮ್ಮ ನಾಡಿನಲ್ಲಿ ಈ ಕೆಲಸವನ್ನು ಎತ್ತು, ಆನೆ ಮತ್ತು ಹೊಳೆ ಹಂಚಿಕೊಂಡಿದ್ದವು. ಇಂದು ಪ್ರವಾಸಿಗರು ನೋಡಲು ಹೋಗುವ ಕೊಡಗಿನ ದುಬಾರೆಯ ಆನೆಗಳು ಹಿಂದೆ ನಾಟಾ ಎಳೆದು ಅನ್ನ ಸಂಪಾದಿಸಿದವು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆನೆಗಳಿರಲಿಲ್ಲ. ಮರಗಳು ಮಾತ್ರ ಆನೆಗಳನ್ನು ಕುಬ್ಜಗೊಳಿಸುವಷ್ಟು ದಪ್ಪವಾಗಿದ್ದವು. ಅಲ್ಲಿಯವರು ದಾರಿಗೆ ಅಡ್ಡಲಾಗಿ ಮರದ ತುಂಡುಗಳನ್ನು ಹಾಸಿ, ಅವಕ್ಕೆ ಜಿಡ್ಡು ಬಳಿದು, ಎತ್ತುಗಳ ಉದ್ದನೆಯ ಸಾಲು ಕಟ್ಟಿ ದಿಮ್ಮಿಗಳನ್ನು ಜಾರಿಸಿ ತರುತ್ತಿದ್ದರು.

1881ರಲ್ಲಿ ಕ್ಯಾಲಿಫೋರ್ನಿಯದ ಯುರೇಕಾ ಎಂಬ ಊರಿನ ಜಾನ್ ಡಾಲ್ಬೀರ್ ಎಂಬಾತ ಇದಕ್ಕೊಂದು ಉಪಾಯ ಕಂಡುಹಿಡಿದ. ಒಂದು ಸಣ್ಣ ಉಗಿ ಎಂಜಿನ್ನು, ಅದಕ್ಕೆ ಹೊಂದಿಸಿದ ಉರುಳೆ, ಉರುಳೆಗೆ ಹಗ್ಗ. ಎಂಜಿನ್ನನ್ನು ಒಂದೆಡೆ ಭದ್ರವಾಗಿ ನಿಲ್ಲಿಸಿ, ಹಗ್ಗದ ತುದಿಯನ್ನು ದಿಮ್ಮಿಗೆ ಬಿಗಿದು ಉರುಳೆಯನ್ನು ತಿರುಗಿಸಿದರೆ ದಿಮ್ಮಿ ತಾನಾಗಿ ಎಂಜಿನ್ನಿನ ಬಳಿಗೆ ಬರುತ್ತದೆ. ಈ ಯಂತ್ರಕ್ಕೆ ಜನ ಇಟ್ಟ ಹೆಸರು ಕತ್ತೆ. ಇದರಲ್ಲಿ ಅಡಗಿರುವ ತತ್ತ್ವ ಇಂದಿನ ವಿಂಚಿಗೂ ಒಂದೇ: ಎಳೆಯುವವನು ನಿಂತಿರಬೇಕು, ಎಳೆಯಿಸಿಕೊಳ್ಳುವುದು ನಡೆಯಬೇಕು. ಇಳಿಜಾರಿನಲ್ಲಿ ಮರದ ಬಳಿಗೆ ಟ್ರಾಕ್ಟರನ್ನು ಇಳಿಸಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವವರು ಈ ಕತ್ತೆಯ ಬುದ್ಧಿಯನ್ನು ಮರೆತವರು.

ಹಾಗೆಂದು ದಿಮ್ಮಿಯನ್ನು ಮೈಲಿಗಟ್ಟಲೆ ಹಗ್ಗದಿಂದ ಎಳೆಯುವುದಾಗದು. ಅಮೆರಿಕದ ಇನ್ನೊಂದು ಮೂಲೆಯಲ್ಲಿ, ಹಿಮ ಬೀಳುವ ಮೇನ್ ಪ್ರಾಂತದಲ್ಲಿ, ಆಲ್ವಿನ್ ಲೊಂಬಾರ್ಡ್ ಎಂಬಾತ 1901ರಲ್ಲಿ ದಿಮ್ಮಿ ಸಾಗಿಸುವ ಒಂದು ವಿಚಿತ್ರ ವಾಹನಕ್ಕೆ ಹಕ್ಕುಪತ್ರ ಪಡೆದ. ನೋಡುವುದಕ್ಕೆ ರೈಲಿನ ಎಂಜಿನ್ನು. ಮುಂದೆ ಹಿಮದ ಮೇಲೆ ಜಾರುವ ಪಾದಗಳು. ಹಿಂದೆ ಗಾಲಿಗಳನ್ನು ಬಳಸಿ ಸುತ್ತುವ ಉಕ್ಕಿನ ಸರಪಳಿಪಟ್ಟಿ. ಚುಕ್ಕಾಣಿಯವನು ತೀರ ಮುಂದುಗಡೆ, ಛಳಿಗೂ ಕಿಡಿಗೂ ಮೈಯೊಡ್ಡಿ ಕೂರಬೇಕು. ಗಾಡಿಗೆ ಬ್ರೇಕಿಲ್ಲ, ಇಳಿಜಾರಿನಲ್ಲಿ ಹಿಂದಿನಿಂದ ನೂರಾರು ದಿಮ್ಮಿಗಳ ಭಾರ ತಳ್ಳುತ್ತಿರುವಾಗ ಅವನ ಪಾಡು ಏನೆಂಬುದನ್ನು ಓದುಗರೇ ಊಹಿಸಬಹುದು. ಆದರೆ ಆ ಪಟ್ಟಿ ಮಾತ್ರ ಲೋಕವನ್ನೇ ಸುತ್ತಿತು. 1904ರಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ನಿನಲ್ಲಿ ಬೆಂಜಮಿನ್ ಹೋಲ್ಟ್ ಕೆಸರುಹೊಲಗಳಲ್ಲಿ ಹೂತುಹೋಗದಂಥ ಪಟ್ಟಿಯ ಟ್ರಾಕ್ಟರನ್ನು ನಡೆಸಿ ನೋಡಿದ. ಅದರ ನಡಿಗೆ ಕಂಬಳಿಹುಳುವಿನ ನಡಿಗೆಯಂತೆ ಕಂಡದ್ದರಿಂದ ಅದಕ್ಕೆ ಕ್ಯಾಟರ್‌ಪಿಲ್ಲರ್ ಎಂಬ ಹೆಸರು ನಿಂತಿತು.

ಮೊದಲನೆಯ ಮಹಾಯುದ್ಧದಲ್ಲಿ ಹೋಲ್ಟನ ಟ್ರಾಕ್ಟರುಗಳು ಫಿರಂಗಿಗಳನ್ನು ಎಳೆದವು. ಅವುಗಳ ಸಾಮರ್ಥ್ಯವನ್ನು ತಿಳಿದಿದ್ದ ಬ್ರಿಟಿಷ್ ಸೇನಾಧಿಕಾರಿ ಅರ್ನೆಸ್ಟ್ ಸ್ವಿಂಟನ್, ಇಂಥ ಪಟ್ಟಿಯ ಮೇಲೆ ಉಕ್ಕಿನ ಕೋಟೆಯನ್ನೇ ಏಕೆ ಕೂರಿಸಬಾರದು ಎಂದು ವಾದಿಸಿದವರಲ್ಲಿ ಒಬ್ಬ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಟ್ಯಾಂಕು ಮೊದಲ ಬಾರಿಗೆ ಕಾಣಿಸಿಕೊಂಡಿತು. ಹೀಗೆ ಕಾಡಿನಲ್ಲಿಯೂ ಹೊಲದಲ್ಲಿಯೂ ದುಡಿಯಲು ಹುಟ್ಟಿದ ಸರಪಳಿಪಟ್ಟಿ ಕೊಲ್ಲುವ ಕೆಲಸಕ್ಕೂ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಅದರ ಸಂತಾನ ಅಸಂಖ್ಯವಾಯಿತು. ಕಾಳಗಕ್ಕೆ ಟ್ಯಾಂಕು, ವಿಮಾನದಾಣ ಮಾಡಲು, ದಾರಿ ಕಡಿಯಲು ಬುಲ್‌ಡೋಜರು. 1945ರಲ್ಲಿ ಯುದ್ಧ ನಿಂತಾಗ ಇವುಗಳೆಲ್ಲ ಲೋಕದ ನಾನಾ ಮೂಲೆಗಳಲ್ಲಿ ಒಡೆಯನಿಲ್ಲದ ದನಗಳಂತೆ ನಿಂತವು. ಸಂತೆ ನೆರೆಯಿತು. ಕೊಳ್ಳಲು ಹೋದವರಲ್ಲಿ ಬ್ರಿಟಿಷರು ಒಬ್ಬರು. ಅವರಿಗೆ ಆಫ್ರಿಕದಲ್ಲಿ ಕಾಡು ಕಡಿಯಬೇಕಾಗಿತ್ತು.

ಕಾಡು ಕಡಿಯಬೇಕಾದದ್ದು ಕಡಲೆಕಾಯಿಗಾಗಿ. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಎಣ್ಣೆ ಕೊಬ್ಬುಗಳಿಗೆ ಪಡಿತರವೇ ಗತಿಯಾಗಿತ್ತು. ಯುದ್ಧಕ್ಕೆ ಮೊದಲು ಕಡಲೆಕಾಯಿಯನ್ನು ಹೊರನಾಡುಗಳಿಗೆ ಎಲ್ಲರಿಗಿಂತ ಹೆಚ್ಚಾಗಿ ಕಳುಹಿಸುತ್ತಿದ್ದ ದೇಶ ಭಾರತ. ನಮ್ಮ ಬಯಲುಸೀಮೆಯ ಕೆಂಪು ಹೊಲಗಳ ಶೇಂಗಾ ಹಡಗು ಹತ್ತುತ್ತಿದ್ದ ಕಾಲ ಅದು. ಯುದ್ಧಾನಂತರ ಭಾರತಕ್ಕೆ ತನ್ನ ಜನರ ಹೊಟ್ಟೆಯೇ ದೊಡ್ಡದಾಯಿತು. ಆಗ, 1946ರಲ್ಲಿ, ಯುನೈಟೆಡ್ ಆಫ್ರಿಕಾ ಕಂಪೆನಿಯ ಫ್ರಾಂಕ್ ಸ್ಯಾಮ್ಯುಯಲ್ ಎಂಬಾತ ಒಂದು ಸಲಹೆ ಕೊಟ್ಟ. ಈಗ ಟಾಂಜಾನಿಯದ ಭಾಗವಾಗಿರುವ ಟಾಂಗನೀಕದಲ್ಲಿ ಜನವಸತಿಯಿಲ್ಲದ ಕುರುಚಲು ಕಾಡು ವಿಸ್ತಾರವಾಗಿದೆ. ಅದನ್ನು ಯಂತ್ರಗಳಿಂದ ಕಡಿದು ಕಡಲೆಕಾಯಿ ಬೆಳೆಯೋಣ ಎಂದು. ಜಾನ್ ವೇಕ್‌ಫೀಲ್ಡನ ನೇತೃತ್ವದಲ್ಲಿ ಮೂವರ ಸಮಿತಿ ಕೆಲವೇ ವಾರ ಸುತ್ತಾಡಿ ವರದಿ ಒಪ್ಪಿಸಿತು. ಒಟ್ಟು 32 ಲಕ್ಷ ಎಕರೆ; ಖರ್ಚು ಸುಮಾರು ಎರಡೂವರೆ ಕೋಟಿ ಪೌಂಡು; ಮೊದಲ ವರ್ಷವೇ, ಎಂದರೆ 1947ರಲ್ಲಿಯೇ, ಒಂದೂವರೆ ಲಕ್ಷ ಎಕರೆ ಹಸನಾಗಬೇಕು. ಆಹಾರ ಮಂತ್ರಿ ಜಾನ್ ಸ್ಟ್ರೇಚಿ ಒಪ್ಪಿದರು. ದೇಶದ ಹಸಿವನ್ನು ನೀಗಿಸಬೇಕೆಂಬ ಅವರ ಉದ್ದೇಶವನ್ನು ಯಾರೂ ದೂರಲಾರರು.

ಕೆಲಸಕ್ಕೆ ಆರಿಸಿದ ಜಾಗ ಕೋಂಗ್ವಾ. ಅಲ್ಲಿ ಜನ ವಿರಳವಾಗಿದ್ದುದೇ ಅದರ ದೊಡ್ಡ ಗುಣವೆಂದು ತೋರಿತು. ನಮ್ಮ ಹಳ್ಳಿಯ ಯಾವ ರೈತನಾದರೂ ಇಷ್ಟು ಭೂಮಿಯನ್ನು ಜನ ಏಕೆ ಬಿಟ್ಟಿದ್ದಾರೆ ಎಂದು ಮೊದಲು ಕೇಳುತ್ತಿದ್ದ. ಉತ್ತರ ಸುಲಭವಾಗಿತ್ತು: ಮಳೆಗೆ ಅಲ್ಲಿ ನಂಬಿಕೆಯಿಲ್ಲ. ಅಲ್ಲಿಯ ಗೋಗೋ ಜನರಿಗೆ ಅದು ತಲೆತಲಾಂತರದಿಂದ ತಿಳಿದ ವಿಷಯ.

ಇನ್ನು ಯಂತ್ರಗಳು. ಕಾಡು ಕಡಿಯುವಂಥ ಭಾರಿ ಟ್ರಾಕ್ಟರುಗಳು ಹೊಸವು ಬೇಕೆಂದರೆ ಅಮೆರಿಕದ ಕಾರ್ಖಾನೆಗಳ ಬಾಗಿಲಲ್ಲಿ ಸಾಲು ನಿಲ್ಲಬೇಕಾಗಿತ್ತು. ಅವಸರವಿದ್ದವನಿಗೆ ಸಾಲು ನಿಲ್ಲುವ ತಾಳ್ಮೆ ಎಲ್ಲಿಂದ ಬರಬೇಕು? ಕೊಳ್ಳುವವರು ಲೋಕವೆಲ್ಲ ಅಲೆದರು. ಫಿಲಿಪೈನ್ಸ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋಗಿದ್ದ ಟ್ರಾಕ್ಟರುಗಳೂ ಬುಲ್‌ಡೋಜರುಗಳೂ ಸಿಕ್ಕಿದವು, ಸಿಕ್ಕಿದ್ದನ್ನೆಲ್ಲ ಕೊಂಡರು. ಆ ಯಂತ್ರ ಎಷ್ಟು ಗಂಟೆ ದುಡಿದಿದೆ, ಯಾರ ಕೈಯಲ್ಲಿ ದುಡಿದಿದೆ, ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿದ್ದಾರೆಯೆ, ಯಾರನ್ನು ಕೇಳುವುದು? ಯುದ್ಧಭೂಮಿಯಲ್ಲಿ ಯಂತ್ರ ನಾಳೆಗೆ ಉಳಿಯಬೇಕೆಂದು ಯಾರೂ ಓಡಿಸುವುದಿಲ್ಲ. ತಾನು ಇಂದು ಉಳಿದರೆ ಸಾಕೆಂದು ಓಡಿಸುತ್ತಾರೆ. ಬಣ್ಣದ ಕೆಳಗೆ ಆ ಚರಿತ್ರೆಯೆಲ್ಲ ಇರುತ್ತದೆ.

1947ರ ಬೇಸಿಗೆಯಲ್ಲಿ ಅವು ಬರತೊಡಗಿದವು. ದಾರ್-ಎಸ್-ಸಲಾಮ್ ಬಂದರು ಅಷ್ಟು ಸಾಮಾನನ್ನು ಎಂದೂ ಕಂಡಿರಲಿಲ್ಲ. ಯಂತ್ರಗಳು ಕೋಂಗ್ವಾ ತಲಪಿದಾಗ ಅವನ್ನು ರಿಪೇರಿ ಮಾಡುವ ಕಾರ್ಖಾನೆ ಇನ್ನೂ ಸಿದ್ಧವಾಗಿರಲಿಲ್ಲ. ಒಂದೊಂದು ಯಂತ್ರ ಒಂದೊಂದು ತಯಾರಿಕೆ. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದದು. ಟ್ರಾಕ್ಟರನ್ನು ಕಂಡೇ ಇರದ ಹುಡುಗರಿಗೆ ಅವಸರದಲ್ಲಿ ಪಾಠ ಹೇಳಿ ಅವುಗಳ ಮೇಲೆ ಕೂರಿಸಿದರು. ತಪ್ಪು ಆ ಹುಡುಗರದಲ್ಲ. ಕೆಲವು ತಿಂಗಳಲ್ಲಿ ತಂದ ಯಂತ್ರಗಳ ಅರ್ಧಕ್ಕಿಂತ ಹೆಚ್ಚು ಕೆಟ್ಟು ನಿಂತವು.

ನೆಲದ ಸ್ವಭಾವವೂ ಲೆಕ್ಕಕ್ಕೆ ಬಂದಿರಲಿಲ್ಲ. ಪೊದೆಗಳನ್ನು ದೂಡಿ ಕೆಡವುವುದು ಬುಲ್‌ಡೋಜರಿಗೆ ದೊಡ್ಡ ಕೆಲಸವಾಗಲಿಲ್ಲ. ಕಷ್ಟವಿದ್ದದ್ದು ಬೇರಿನಲ್ಲಿ. ಹೆಣೆದುಕೊಂಡ ಬೇರುಗಳನ್ನು ಕೀಳಲು ಹೋದ ಸಲಕರಣೆಗಳು ಬಾಗಿದವು, ಮುರಿದವು. ಮಣ್ಣಿನಲ್ಲಿದ್ದ ಹರಳುಮರಳು ಕಬ್ಬಿಣವನ್ನು ಸಾಣೆಯಂತೆ ಸವೆಸಿತು. ಬಿಸಿಲು ಬಿದ್ದರೆ ಆ ಕೆಂಪು ಮಣ್ಣು ಇಟ್ಟಿಗೆಯಾಯಿತು. ನಡುನಡುವೆ ದೈತ್ಯಾಕಾರದ ಬೇಯೊಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮಠದ ಮಹಾವೃಕ್ಷಗಳನ್ನು ಕಂಡವರಿಗೆ ಇವುಗಳ ಗಾತ್ರವನ್ನು ವರ್ಣಿಸಬೇಕಾಗಿಲ್ಲ. ಅವೂ ಅದೇ ಜಾತಿಯ, ಆಫ್ರಿಕ ಮೂಲದ ಮರಗಳೇ. ಅಂಥ ಮರಕ್ಕೆ ಡಿಕ್ಕಿ ಹೊಡೆದರೆ ಒಳಗಿನ ಹೆಜ್ಜೇನು ಎದ್ದು ಬರುತ್ತಿತ್ತು.

ಇಷ್ಟರ ಮೇಲೆ ಟ್ಯಾಂಕುಗಳು ಬಂದವು. ಶರ್ಮನ್ ಎಂಬ ಅಮೆರಿಕನ್ ಟ್ಯಾಂಕಿನ ಮೇಲಿನ ಕೋಟೆಯನ್ನು ತೆಗೆದು, ವಿಕರ್ಸ್ ಕಂಪೆನಿಯವರು ಅದನ್ನು ಟ್ರಾಕ್ಟರಾಗಿ ಮಾರ್ಪಡಿಸಿದರು. ಎರಡು ಹೆಸರು ಸೇರಿ ಅದು ಶರ್ವಿಕ್ ಆಯಿತು. ಖಡ್ಗವನ್ನು ನೇಗಿಲಾಗಿಸಿದ ಹಾಗೆ ಎಂದು ಕೇಳಿದವರಿಗೆ ಸಂತೋಷವಾದೀತು. ಆದರೆ ಟ್ಯಾಂಕು ಓಡುವುದಕ್ಕೆ ಹುಟ್ಟಿದ್ದು; ಟ್ರಾಕ್ಟರು ಎಳೆಯುವುದಕ್ಕೆ. ದಿನವಿಡೀ ಭಾರ ಎಳೆಯುತ್ತ ಮೆಲ್ಲನೆ ನಡೆಯುವುದು ಬೇರೆ ಜಾತಿಯ ಕೆಲಸ. ಕುದುರೆಯನ್ನು ಗಾಣಕ್ಕೆ ಕಟ್ಟಿದರೆ ಏನಾಗುತ್ತದೆಯೋ ಅದೇ ಆಯಿತು. ಶರ್ವಿಕ್ ನಿರೀಕ್ಷೆಯನ್ನು ಪೂರೈಸಲಿಲ್ಲ.

ಈ ಕಥೆಯಲ್ಲಿ ಗೆದ್ದ ಉಪಾಯ ಯಾವುದು ಗೊತ್ತೆ? ಹಡಗಿನ ಲಂಗರಿನ ಸರಪಳಿ. ಎರಡು ಟ್ರಾಕ್ಟರುಗಳ ನಡುವೆ ಅದನ್ನು ಕಟ್ಟಿ, ಎರಡನ್ನೂ ಸಮಾನಾಂತರವಾಗಿ ನಡೆಸಿದರೆ ನಡುವಣ ಪೊದೆಯೆಲ್ಲ ಮಲಗುತ್ತಿತ್ತು. ಸಮುದ್ರದಿಂದ ಅಷ್ಟು ದೂರದಲ್ಲಿ ಲಂಗರಿನ ಸರಪಳಿ ಏಕೆಂದು ಲಂಡನ್ನಿನ ಕಛೇರಿಯವರು ಅದನ್ನು ತಮಾಷೆಯೆಂದೇ ತಿಳಿದರೆಂದು ಹೇಳುವುದುಂಟು. ನೆಲದ ಮೇಲೆ ನಿಂತವನ ಮಾತಿಗಿಂತ ಕಡತದ ಮಾತಿಗೆ ಬೆಲೆ ಹೆಚ್ಚಾದ ಕಡೆ ಇಂಥದು ನಡೆದರೆ ಆಶ್ಚರ್ಯವಿಲ್ಲ.

ಒಂದೂವರೆ ಲಕ್ಷ ಎಕರೆಯ ಗುರಿಯಲ್ಲಿ ಮೊದಲ ಹಂಗಾಮಿಗೆ ಬಿತ್ತನೆಗೆ ಒದಗಿದ್ದು ಏಳೂವರೆ ಸಾವಿರ ಎಕರೆಯ ಆಸುಪಾಸು. ಆಮೇಲೆ ಮಳೆಯೂ ಕೈಕೊಟ್ಟಿತು. ಬಿತ್ತನೆಗೆಂದು ತಂದಷ್ಟು ಕಡಲೆಕಾಯಿಯೂ ಬೆಳೆಯಿಂದ ಬರಲಿಲ್ಲ. 1951ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಯೋಜನೆಯನ್ನು ಕೈಬಿಟ್ಟು, 3 ಕೋಟಿ 60 ಲಕ್ಷ ಪೌಂಡುಗಳನ್ನು ನಷ್ಟದ ಲೆಕ್ಕಕ್ಕೆ ಬರೆಯಿತು.

ಹಳೆಯ ಯಂತ್ರ ಕೊಂಡದ್ದರಿಂದಲೇ ಇಷ್ಟೆಲ್ಲ ಆಯಿತೆಂದರೆ ಅನ್ಯಾಯವಾಗುತ್ತದೆ. ಮಳೆ, ಮಣ್ಣು, ಅವಸರ ಎಲ್ಲವೂ ಸೇರಿದವು. ಹಳೆಯದನ್ನು ಕೊಳ್ಳುವುದೇ ದೋಷವಲ್ಲವೆಂಬುದಕ್ಕೆ ಅದೇ ಕಾಲದ ನಮ್ಮ ದೇಶದ ಉದಾಹರಣೆಯೇ ಉಂಟು. ಮಧ್ಯಭಾರತದ ಕಪ್ಪು ನೆಲದಲ್ಲಿ ಕಾನ್ಸ್ ಎಂಬ ಹುಲ್ಲು ಹಬ್ಬಿ ಊರೂರುಗಳೇ ಬೇಸಾಯ ಬಿಟ್ಟಿದ್ದವು. ಸಂಸ್ಕೃತ ಕವಿಗಳು ಶರತ್ಕಾಲವನ್ನು ವರ್ಣಿಸುವಾಗ ಮರೆಯದೆ ನೆನೆಯುವ ಬಿಳಿಹೂವಿನ ಕಾಶ ಇದೇ. ಕವಿಗೆ ಅಲಂಕಾರವಾದದ್ದು ರೈತನಿಗೆ ಶತ್ರು. ಇದನ್ನು ಕೀಳಲು ಭಾರತ ಸರ್ಕಾರ 1947ರಲ್ಲಿ ಕೇಂದ್ರ ಟ್ರಾಕ್ಟರು ಸಂಸ್ಥೆಯನ್ನು ಆರಂಭಿಸಿದಾಗ ಅದರ ಕೈಯಲ್ಲಿದ್ದವೂ ಅಮೆರಿಕನ್ ಸೈನ್ಯ ಬಿಟ್ಟುಹೋದ ಟ್ರಾಕ್ಟರುಗಳೇ. ಆದರೆ ಇಲ್ಲಿ ಶತ್ರು ಯಾರೆಂಬುದು ನಿಶ್ಚಿತವಾಗಿತ್ತು: ಆಳಕ್ಕೆ ಇಳಿದ ಬೇರು, ಅದನ್ನು ಮಳೆಗಾಲಕ್ಕೆ ಮೊದಲು ಉತ್ತು ಮೇಲೆ ತಂದು ಬಿಸಿಲಿಗೆ ಒಣಗಿಸಬೇಕು. ಹಳೆಯವುಗಳಿಂದ ಕೆಲಸ ಕಲಿತು, 1949ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ಪಡೆದು ಹೊಸ ಯಂತ್ರಗಳನ್ನು ತಂದರು. ಲಕ್ಷಗಟ್ಟಲೆ ಎಕರೆ ಮತ್ತೆ ಹೊಲವಾಯಿತು. 1955ರಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರಾಕ್ಟರು ತರಬೇತಿ ಕೇಂದ್ರವೊಂದು ಹುಟ್ಟಿತು. ಓಡಿಸುವವನನ್ನು ತಿದ್ದುವುದಕ್ಕೂ ಯಂತ್ರವನ್ನು ಪರೀಕ್ಷಿಸುವುದಕ್ಕೂ ಅದು ಇಂದಿಗೂ ದೇಶಕ್ಕೆ ದೊಡ್ಡ ಶಾಲೆಯಾಗಿದೆ.

ಜಗಲಿಯಲ್ಲಿ ಕಥೆ ಮುಗಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಯಂತ್ರ ನೋಡುವ ಮೊದಲು ಮೇಸ್ತ್ರಿಯನ್ನು ನೋಡಬೇಕೆನ್ನು" ಎಂದರು. ನನ್ನ ಅಷ್ಟುದ್ದದ ಉಪನ್ಯಾಸದ ಸಾರ ಅದೇ ಆಗಿತ್ತು.

ಮರುದಿನ ಪೇಟೆಯ ಮೇಸ್ತ್ರಿಯನ್ನು ಕರೆದುಕೊಂಡೇ ಹೋದೆವು. ಹಳದಿ ಯಂತ್ರವನ್ನು ನಾವು ಬರುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರು. ಮೇಸ್ತ್ರಿಗೆ ಅದು ಹಿಡಿಸಲಿಲ್ಲ. "ತಣ್ಣಗಿದ್ದಾಗ ಏಳುವುದು ಹೇಗೆಂದು ನೋಡಬೇಕು ಸಾರ್. ಓಡಿ ಬಂದವನ ನಾಡಿ ಹಿಡಿದರೆ ಏನು ತಿಳಿಯುತ್ತದೆ?" ಎಂದ. ಆಮೇಲೆ ಬಗ್ಗಿ, ಸರಪಳಿಪಟ್ಟಿಯನ್ನು ತಿರುಗಿಸುವ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದ. ಸವೆದು ಸವೆದು ಅವು ಕೊಕ್ಕೆಯಂತೆ ಚೂಪಾಗಿದ್ದವು. ಬಣ್ಣ ಬಳಿದವರು ಹಲ್ಲಿಗೂ ಬಣ್ಣ ಬಳಿದಿದ್ದರು, ಆಕಾರವನ್ನು ಮುಚ್ಚಲಾಗಿರಲಿಲ್ಲ. ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿತು. ಇದರ ಬಿಡಿಭಾಗ ಎಲ್ಲಿ ಸಿಕ್ಕುತ್ತದೆ ಎಂದು ಭಾವ ಕೇಳಿದರು. ತರಿಸಬಹುದು ಎಂಬ ಉತ್ತರ ಬಂತು. ಎಲ್ಲಿಂದ, ಎಷ್ಟು ದಿನಕ್ಕೆ ಎಂಬುದಕ್ಕೆ ಉತ್ತರ ಬರಲಿಲ್ಲ.

ಬಣ್ಣ ಮಾಸಿದ ಟ್ರಾಕ್ಟರಿನ ಬಳಿ ಮೇಸ್ತ್ರಿಯ ಮುಖ ಬೇರೆಯಾಯಿತು. ಅದರ ಎಂಜಿನ್ನನ್ನು ಅವನೇ ಎರಡು ಸಲ ಬಿಚ್ಚಿ ಕೂರಿಸಿದ್ದನಂತೆ. ವಿಂಚಿನ ಹಗ್ಗವನ್ನು ಪೂರ್ತಿ ಬಿಡಿಸಿ, ಎಳೆ ಹರಿದ ಎರಡು ಕಡೆ ತೋರಿಸಿ, ಇದನ್ನು ಮಾತ್ರ ಹೊಸದು ಹಾಕಿಸಬೇಕೆಂದ. ಭಾರದ ದಿಮ್ಮಿಯೊಂದನ್ನು ಅರ್ಧ ದಾರಿ ಎಳೆದು ನಿಲ್ಲಿಸಿದೆವು. ಬ್ರೇಕು ಹಿಡಿದು ನಿಂತಿತು. ದಿಮ್ಮಿಯನ್ನು ಎತ್ತರದಲ್ಲಿ ಕಟ್ಟಿದರೆ ಮುಂಗಾಲಿ ಎದ್ದು ಟ್ರಾಕ್ಟರು ಹಿಂದಕ್ಕೆ ಮಗುಚೀತು, ಎಂದೂ ಕೆಳಗಿನ ಕೊಂಡಿಗೇ ಕಟ್ಟಬೇಕು ಎಂದು ಅವನು ಭಾವನವರಿಗೆ ಎರಡು ಸಲ ಹೇಳಿದ. ಹಣ ಕೈ ಬದಲಾದದ್ದು ಆಮೇಲೆ.

ಆ ಹಂಗಾಮಿನಲ್ಲಿ ಅದು ಒಮ್ಮೆ ಕೆಟ್ಟು ನಿಂತಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನನಗೆ ಎದೆ ಧಸಕ್ಕೆಂದಿತು. ಬೆಳಿಗ್ಗೆ ಕೆಟ್ಟದ್ದು, ಪೇಟೆಯಲ್ಲಿಯೇ ಸಾಮಾನು ಸಿಕ್ಕಿ, ಸಂಜೆಗೆ ಮತ್ತೆ ದಿಮ್ಮಿ ಎಳೆಯಿತಂತೆ. ಕೋಂಗ್ವಾದಲ್ಲಿ ನಿಂತುಹೋದ ಆ ಯಂತ್ರಗಳಿಗೆ ಇಂಥದೊಂದು ಪೇಟೆ, ಇಂಥವನೊಬ್ಬ ಮೇಸ್ತ್ರಿ ಇದ್ದಿದ್ದರೆ ಎಂದು ಆಗ ಅನ್ನಿಸಿತು. ಯಂತ್ರಕ್ಕೆ ಸುಳಿಯಿಲ್ಲದಿರಬಹುದು, ಹಲ್ಲಂತೂ ಇದೆ. ಅದನ್ನು ಎಣಿಸಬಲ್ಲವನನ್ನು ಜೊತೆಗೆ ಕರೆದೊಯ್ಯಬೇಕು.